ಮನೆ ಯಾವ ಗಡಿಯೊಳಗೆ, ಶಾಲೆ ಯಾವ ಗಡಿಯೊಳಗೆ: ಕೊಡಗಿನ ಪೇಟೆಯಂಚಲ್ಲಿ ಸೈಟು ನೋಡುವವರಿಗೆ

ಸೈಟು ಮಾರುವವರ ಬಾಯಲ್ಲಿ ಕುಶಾಲನಗರ ಬಹಳ ದೊಡ್ಡ ಊರು. ಕಾವೇರಿ ಸೇತುವೆ ದಾಟಿದ ಮೇಲೆ ಸಿಗುವ ಕೊಪ್ಪವೂ ಕುಶಾಲನಗರವೇ, ಮಡಿಕೇರಿ ರಸ್ತೆಯ ಗುಡ್ಡೆಹೊಸೂರೂ ಕುಶಾಲನಗರವೇ, ಸೈನಿಕ ಶಾಲೆಯಿರುವ ಕೂಡಿಗೆಯೂ ಕುಶಾಲನಗರವೇ. "ಟೌನಿಂದ ಐದೇ ನಿಮಿಷ ಮೇಡಂ, ಸ್ಕೂಲೆಲ್ಲ ಪಕ್ಕದಲ್ಲೇ" ಅನ್ನುವುದು ಎಲ್ಲ ಸೈಟಿಗೂ ಒಂದೇ ಮಾತು. ಆದರೆ ಕೊಪ್ಪ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಗುಡ್ಡೆಹೊಸೂರು, ಕೂಡಿಗೆ ಎರಡೂ ಗ್ರಾಮ ಪಂಚಾಯಿತಿ. ಮುಳ್ಳುಸೋಗೆ ಮೊದಲು ಗ್ರಾಮ ಪಂಚಾಯಿತಿಯಾಗಿತ್ತು, ಕುಶಾಲನಗರ ಪುರಸಭೆಯಾದಾಗ ಅದರೊಳಗೆ ಸೇರಿತು. ಆಟೋದವನಿಗೆ ಇದೆಲ್ಲ ಒಂದೇ ಪೇಟೆ. ಮಗುವಿನ ಕಾಗದಪತ್ರಕ್ಕೆ ಒಂದೇ ಅಲ್ಲ.

ನಾನು ಈ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ದಾಖಲಾತಿ ರಿಜಿಸ್ಟರು, ಟಿಸಿ, ವ್ಯಾಸಂಗ ಪ್ರಮಾಣಪತ್ರ ಬರೆದು ಬರೆದೇ ಕನ್ನಡಕ ದಪ್ಪವಾಯಿತು. ಈಗಲೂ ನೆಂಟರಿಷ್ಟರು ಸೈಟು ನೋಡಿ ಬಂದ ಸಂಜೆ ಫೋನು ಮಾಡುತ್ತಾರೆ. ಅಮೆರಿಕದಲ್ಲಿದ್ದು ಬಂದ ಅಕ್ಕನ ಮಗನದ್ದಂತೂ ಒಂದೇ ಪ್ರಶ್ನೆ: "ಚಿಕ್ಕಮ್ಮ, ಈ ಜಾಗ ಯಾವ ಸ್ಕೂಲ್ ಝೋನಿಗೆ ಬರುತ್ತೆ?" ಅವರಲ್ಲಿ ಹಾಗೆ. ಮನೆಯ ವಿಳಾಸ ನೋಡಿಯೇ ಸರಕಾರಿ ಶಾಲೆ ಯಾವುದೆಂದು ತೀರ್ಮಾನವಾಗುತ್ತದೆ, ಊರವರು ಕಟ್ಟುವ ಆಸ್ತಿ ತೆರಿಗೆಯ ಒಂದು ಪಾಲು ಆ ಶಾಲೆಗೇ ಹೋಗುತ್ತದೆ. ನಗರದ ಗಡಿ ಬೇರೆ, ಶಾಲೆಯ ಗಡಿ ಬೇರೆಯಾಗಿ, ಅಂಚೆಯಲ್ಲಿ ಒಂದು ಊರಿನ ಹೆಸರು, ಮಕ್ಕಳಿಗೆ ಇನ್ನೊಂದು ಊರಿನ ಶಾಲೆ ಆಗುವುದೂ ಉಂಟಂತೆ.

ನಮ್ಮಲ್ಲಿ ಅಂಥ ಝೋನ್ ಇಲ್ಲ. ಮಡಿಕೇರಿಯ ಖಾಸಗಿ ಶಾಲೆಗೆ ಸುಂಟಿಕೊಪ್ಪದ ಮಗುವೂ ಬರುತ್ತದೆ, ನಾಪೋಕ್ಲಿನ ಮಗುವೂ ಬರುತ್ತದೆ. ವಿಳಾಸ ದೂರದ್ದೆಂದು ಸೀಟು ತಪ್ಪಿಸುವವರು ಯಾರೂ ಇಲ್ಲ, ಸೀಟಿದ್ದರೆ ಸಾಕು, ಶುಲ್ಕವಿದ್ದರೆ ಸಾಕು. ಅದಕ್ಕೇ ಗಡಿಯ ಚಿಂತೆ ಬೇಡವೆಂದುಕೊಂಡು ಜನ ಅಡ್ವಾನ್ಸು ಕೊಟ್ಟುಬಿಡುತ್ತಾರೆ. ಗಡಿ ಅಡ್ಡ ಬರುವುದು ಆಮೇಲೆ, ನವೋದಯದ ಅರ್ಜಿ ತುಂಬುವಾಗ, ಸಿಇಟಿಗೆ ಗ್ರಾಮೀಣ ಪ್ರಮಾಣಪತ್ರ ಬೇಕಾದಾಗ, ಬ್ಯಾಂಕಿನವರು ಸೈಟಿನ ಖಾತೆ ನೋಡಿ ಆಗದೆಂದು ತಲೆಯಾಡಿಸಿದಾಗ.

ಮೊದಲು ಸರ್ವೆ ನಂಬರು

ಮಾರುವವರು ಹೇಳುವ ಊರಿನ ಹೆಸರನ್ನು ಬಿಡಿ. ಅಂಚೆಯ ಪಿನ್ ಕೋಡನ್ನೂ ನಂಬಬೇಡಿ, ಅಂಚೆಯವರ ಲೆಕ್ಕಕ್ಕೂ ಪುರಸಭೆಯ ಗಡಿಗೂ ಸಂಬಂಧವಿಲ್ಲ. ಸರ್ವೆ ನಂಬರು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಕಾಫಿ ಕುಡಿದು ವಾಪಸು ಬನ್ನಿ.

ಕಂದಾಯ ಇಲಾಖೆಯ ದಿಶಾಂಕ್ ಆ್ಯಪನ್ನು ಫೋನಿಗೆ ಹಾಕಿಕೊಂಡು ಸೈಟಿನ ಮಧ್ಯೆ ನಿಂತು ತೆರೆಯಿರಿ. ನಿಂತ ಜಾಗದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಬರುತ್ತದೆ. ಗಡಿಗೆ ತೀರ ಅಂಟಿಕೊಂಡ ಜಾಗವಾದರೆ ಫೋನಿನ ಜಿಪಿಎಸ್ ಹತ್ತಿಪ್ಪತ್ತು ಅಡಿ ಆಚೀಚೆ ತೋರಿಸಬಹುದು, ಆಗ ಗ್ರಾಮ ನಕ್ಷೆಯನ್ನೇ ನೋಡಬೇಕು. ಸಿಕ್ಕಿದ ನಂಬರಿನ ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ತೆಗೆಯಿರಿ. ಪಹಣಿಯಲ್ಲಿ ಕಂದಾಯ ಗ್ರಾಮದ ಹೆಸರಿರುತ್ತದೆಯೇ ಹೊರತು ಅದು ಪಂಚಾಯಿತಿಯೋ ಪುರಸಭೆಯೋ ಗೊತ್ತಾಗುವುದಿಲ್ಲ. ಒಂದೇ ಕಂದಾಯ ಗ್ರಾಮದ ಒಂದು ತುಂಡು ಪುರಸಭೆಗೆ ಸೇರಿ ಉಳಿದದ್ದು ಪಂಚಾಯಿತಿಯಲ್ಲೇ ಇರುವುದುಂಟು. ಹಾಗಾಗಿ ಕೊನೆಯ ಮಾತು ತೆರಿಗೆ ರಸೀದಿಯದ್ದು. ಹೋದ ವರ್ಷದ ಕಂದಾಯ ಯಾರಿಗೆ ಕಟ್ಟಿದ್ದೀರಿ ಎಂದು ಕೇಳಿ. ಪಂಚಾಯಿತಿಯ ರಸೀದಿಯಾದರೆ ಪಿಡಿಒ ಹತ್ತಿರ, ಪುರಸಭೆಯದ್ದಾದರೆ ಅಲ್ಲಿನ ಕಂದಾಯ ವಿಭಾಗದಲ್ಲಿ ಹೋಗಿ ವಿಚಾರಿಸಿ. ಬಿಲ್ ಕಲೆಕ್ಟರನಿಗೆ ಪ್ರತಿ ಮನೆಯ ಕಥೆ ಗೊತ್ತಿರುತ್ತದೆ. ನಕ್ಷೆಗಿಂತ ಅವನೇ ವಾಸಿ.

ಮಡಿಕೇರಿಯ ಸುತ್ತಲೂ ಇದೇ ಪಾಡು. ನಗರಸಭೆಯ ಗಡಿ ಮುಗಿಯುತ್ತಿದ್ದಂತೆ ಕೆ. ನಿಡುಗಣೆ, ಮೇಕೇರಿ, ಇಬ್ನಿವಳವಾಡಿ ಅಂತ ಪಂಚಾಯಿತಿಗಳು ಶುರು. ಎಲ್ಲ ಜಾಹೀರಾತಿನಲ್ಲೂ ಇವು "ಮಡಿಕೇರಿ ಟೌನ್".

ಜಿಲ್ಲೆಯ ಗೆರೆ

ಎಲ್ಲಕ್ಕಿಂತ ದಪ್ಪ ಗೆರೆ ಜಿಲ್ಲೆಯದ್ದು, ಕೊಪ್ಪದ ಸೈಟು ನೋಡುವವರು ಇದನ್ನು ಎರಡು ಸಲ ಓದಿಕೊಳ್ಳಿ. ಸೇತುವೆಯ ಈಚೆ ಒಂದು ಸೆಂಟಿಗೆ (ಎಕರೆಯ ನೂರರಲ್ಲೊಂದು ಪಾಲು) ಕೇಳುವ ಬೆಲೆಗೂ ಆಚೆ ಕೇಳುವ ಬೆಲೆಗೂ ವ್ಯತ್ಯಾಸ ಕಂಡು ಜನ ಆಚೆ ಹೋಗುತ್ತಾರೆ. ಹೋಗಲಿ, ತಪ್ಪಿಲ್ಲ, ಒಳ್ಳೆ ಸಮತಟ್ಟು ಜಾಗ. ಆದರೆ ಆಚೆ ಹೋದ ಮೇಲೆ ನಿಮ್ಮ ಜಿಲ್ಲಾಧಿಕಾರಿ ಮೈಸೂರಿನಲ್ಲಿ, ತಹಶೀಲ್ದಾರ್ ಪಿರಿಯಾಪಟ್ಟಣದಲ್ಲಿ. ಆಸ್ತಿ ನೋಂದಣಿಯನ್ನು ಈಗ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಮಾಡಿಸಬಹುದು, ಆದರೆ ಅದು ಮೈಸೂರು ಜಿಲ್ಲೆಯೊಳಗೆ. ಕೊಡಗಿನ ಯಾವ ಕಚೇರಿಯಲ್ಲೂ ಕೊಪ್ಪದ ಪತ್ರ ನೋಂದಣಿಯಾಗದು. ಶಾಸಕರೂ ಬೇರೆ. ಸಂಸದರು ಮಾತ್ರ ಒಬ್ಬರೇ, ಮೈಸೂರು–ಕೊಡಗು ಒಂದೇ ಲೋಕಸಭಾ ಕ್ಷೇತ್ರವಾದ್ದರಿಂದ.

ಶಾಲೆಯ ವಿಷಯಕ್ಕೆ ಬಂದರೆ, ಜವಾಹರ ನವೋದಯ ವಿದ್ಯಾಲಯವೇ ಮುಖ್ಯ ತೊಡಕು. ಕೊಡಗಿನ ನವೋದಯ ಗಾಳಿಬೀಡಿನಲ್ಲಿದೆ. ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ಅರ್ಜಿ ಹಾಕುವ ಮಗು ಆ ಜಿಲ್ಲೆಯ ನಿವಾಸಿಯಾಗಿರಬೇಕು, ಐದನೇ ತರಗತಿಯನ್ನೂ ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಮನೆ ಕೊಪ್ಪದಲ್ಲಿ, ಮಗು ಓದುವುದು ಕುಶಾಲನಗರದಲ್ಲಿ ಎಂದರೆ ನಿವಾಸ ಮೈಸೂರಿನದ್ದು, ಶಾಲೆ ಕೊಡಗಿನದ್ದು. ಎರಡೂ ಜಿಲ್ಲೆಯ ಬಾಗಿಲು ಮುಚ್ಚಿತು. ಮನೆ ಕಟ್ಟುವಾಗ ಮಗುವಿಗೆ ಮೂರು ವರ್ಷವಿದ್ದರೆ ಇದು ಯಾರಿಗೂ ತೋಚುವುದಿಲ್ಲ.

ಸಂಪಾಜೆಯಲ್ಲಿ ಇದರ ಇನ್ನೊಂದು ರೂಪ ಇದೆ. ಕೊಡಗು ಸಂಪಾಜೆ ಅಂತಲೇ ಒಂದು ಪಂಚಾಯಿತಿ, ದಕ್ಷಿಣ ಕನ್ನಡದ ಸಂಪಾಜೆ ಅಂತ ಸುಳ್ಯ ತಾಲ್ಲೂಕಿನಲ್ಲಿ ಇನ್ನೊಂದು. ಅಲ್ಲಿಯವರ ಮಕ್ಕಳಿಗೆ ಸುಳ್ಯದ ಕಡೆಯ ಶಾಲೆಗಳು ಹತ್ತಿರ, ಮಡಿಕೇರಿಯ ಘಟ್ಟ ಹತ್ತಿಸುವುದಕ್ಕಿಂತ ಅದೇ ಸುಲಭ. ಆ ಕಡೆಯವರಿಗೆ ಇದು ಹೊಸದಲ್ಲ, ಹೊಸದಾಗಿ ಹೋಗುವವರಿಗೆ ಹೊಸದು.

ಮಳೆ ರಜೆಯೂ ಜಿಲ್ಲಾಧಿಕಾರಿಯ ಆದೇಶದಲ್ಲೇ ಬರುವುದು. ಜುಲೈ, ಆಗಸ್ಟಿನಲ್ಲಿ ಕೊಡಗಿಗೆ ರಜೆ ಘೋಷಣೆಯಾದ ದಿನ ಸೇತುವೆಯಾಚೆ ಬಿಸಿಲು ಹೊಡೆದು ಶಾಲೆ ನಡೆಯುತ್ತಿರುತ್ತದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾಗಿ, ಒಂದು ಮಗು ಈಚೆ ಶಾಲೆಗೆ, ಇನ್ನೊಂದು ಆಚೆ ಶಾಲೆಗೆ ಹೋಗುತ್ತಿದ್ದರೆ ಅವರ ಬೆಳಗ್ಗೆಯನ್ನು ನೀವೇ ಊಹಿಸಿ. ಆ ರಜೆಗಳನ್ನೆಲ್ಲ ಆಮೇಲೆ ಶನಿವಾರ ಮಧ್ಯಾಹ್ನ ತುಂಬಿಸುತ್ತಾರೆ, ಅದೂ ಒಂದು ಕಡೆಗೆ ಮಾತ್ರ.

ಗ್ರಾಮೀಣ ಎನ್ನುವುದು ಮನೆಗಲ್ಲ, ಶಾಲೆಗೆ

ನನ್ನ ಕಚೇರಿಯ ಕಿಟಕಿಯಲ್ಲಿ ಅತಿ ಹೆಚ್ಚು ಜಗಳ ನಡೆದದ್ದು ಇದೊಂದರ ಮೇಲೆ. "ನಾವು ಹಳ್ಳಿಯವರು ಮೇಡಂ, ಪಂಚಾಯಿತಿಗೇ ಕಂದಾಯ ಕಟ್ಟುವುದು, ಗ್ರಾಮೀಣ ಸರ್ಟಿಫಿಕೇಟ್ ಯಾಕೆ ಕೊಡಲ್ಲ?" ಕೊಡಲು ಬರುವುದಿಲ್ಲ, ಯಾಕೆಂದರೆ ಶಾಲೆ ಪುರಸಭೆಯೊಳಗಿತ್ತು.

ವೃತ್ತಿಶಿಕ್ಷಣದ ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15%, ರಾಜ್ಯ ಸರಕಾರಿ ನೌಕರಿಯಲ್ಲಿ 25% ಮೀಸಲು. ಎರಡಕ್ಕೂ ನೋಡುವುದು ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಶಾಲೆ ಎಲ್ಲಿತ್ತು ಎಂದು. ಹತ್ತು ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಾಗಿರಬೇಕು. ನಗರಸಭೆ, ಪುರಸಭೆ ಮಾತ್ರವಲ್ಲ, ಪಟ್ಟಣ ಪಂಚಾಯಿತಿಯೂ ಗ್ರಾಮೀಣದ ಲೆಕ್ಕಕ್ಕೆ ಬರುವುದಿಲ್ಲ. ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರು ಕೊಟ್ಟು ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುರುಜು ಹಾಕಬೇಕು. ಮನೆ ಎಲ್ಲಿದೆ ಎಂಬುದು ಅದಕ್ಕೆ ಮುಖ್ಯವಲ್ಲ.

ಹಾಗಾಗಿ "ಪಂಚಾಯಿತಿ ಸೈಟು ತಗೊಂಡರೆ ಮಕ್ಕಳಿಗೆ ಗ್ರಾಮೀಣ ಕೋಟಾ ಸಿಗುತ್ತದೆ" ಎಂದು ದಲ್ಲಾಳಿ ಹೇಳಿದರೆ ನಕ್ಕುಬಿಡಿ. ಗುಡ್ಡೆಹೊಸೂರಿನ ಮಗು ಹಳದಿ ಬಸ್ಸಿನಲ್ಲಿ ಕುಶಾಲನಗರದ ಶಾಲೆಗೆ ಹೋದರೆ ಅದು ಪಟ್ಟಣದ ವಿದ್ಯಾರ್ಥಿ. ಪುರಸಭೆಯೊಳಗೆ ಮನೆಯಿದ್ದು ಕೂಡಿಗೆಯ ಶಾಲೆಗೆ ಹೋದ ಮಗು ಗ್ರಾಮೀಣ ವಿದ್ಯಾರ್ಥಿ.

ನವೋದಯದಲ್ಲೂ ಹೀಗೇ, ಇನ್ನೂ ಬಿಗಿ. ಕನಿಷ್ಠ 75% ಸೀಟು ಗ್ರಾಮೀಣ ಮಕ್ಕಳಿಗೆ. ಆದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ದಾಖಲಾಗಿ ಓದಿದ್ದರೂ ಆ ಮಗುವನ್ನು ಪಟ್ಟಣದ ಅಭ್ಯರ್ಥಿ ಎಂದೇ ಎಣಿಸುತ್ತಾರೆ. ಮನೆ ಬದಲಿಸುವ ಗಡಿಬಿಡಿಯಲ್ಲಿ ನಾಲ್ಕನೇ ತರಗತಿಯ ನಡುವೆ ಟಿಸಿ ತೆಗೆಸಿ ಪೇಟೆ ಶಾಲೆಗೆ ಹಾಕಿ, ಆಮೇಲೆ ಸರಿಹೋಗಲಿಲ್ಲವೆಂದು ವಾಪಸು ಸೇರಿಸುವ ತಂದೆತಾಯಂದಿರಿದ್ದಾರೆ. ಅವರಿಗೆ ಈ ಮಾತನ್ನು ಮೊದಲೇ ಯಾರಾದರೂ ಹೇಳಬೇಕು.

ಮುಳ್ಳುಸೋಗೆಯಂಥ ಕಡೆ ಇನ್ನೊಂದು ಗೋಜಲು. ಶಾಲೆ ಅಲ್ಲೇ ಇದೆ, ಕಟ್ಟಡ ಅದೇ, ಟೀಚರು ಅವರೇ, ಗಡಿ ಮಾತ್ರ ಬದಲಾಯಿತು. ನಿನ್ನೆ ಗ್ರಾಮೀಣ, ಇಂದು ಪಟ್ಟಣ. ಪೇಟೆಯಂಚಿನ ಪಂಚಾಯಿತಿಯ ಶಾಲೆಯನ್ನು ಈ ಕೋಟಾಕ್ಕಾಗಿಯೇ ಆರಿಸುವವರು ಮುಂದಿನ ಹತ್ತು ವರ್ಷ ಆ ಪಂಚಾಯಿತಿ ಪಂಚಾಯಿತಿಯಾಗಿಯೇ ಉಳಿಯುತ್ತದೆಂದು ಪಂದ್ಯ ಕಟ್ಟಿದಂತೆ. ಕುಶಾಲನಗರಕ್ಕೆ ಅಂಟಿಕೊಂಡ ಕಡೆ ನಾನಂತೂ ಆ ಪಂದ್ಯ ಕಟ್ಟುವುದಿಲ್ಲ. ಒಳಗಿನ ಹಳ್ಳಿಯಲ್ಲಿ ಒಳ್ಳೆ ಶಾಲೆಯಿದ್ದು, ನೀವೂ ಅಲ್ಲೇ ಇರುವುದಾದರೆ ಕೋಟಾ ತಾನಾಗಿ ಬರುತ್ತದೆ. ಕೋಟಾ ಒಂದಕ್ಕಾಗಿ ಮಗುವನ್ನು ಅಷ್ಟು ದೂರ ಓಡಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಸೈನಿಕ ಶಾಲೆಯ ಬಗ್ಗೆ ಒಂದೇ ಮಾತು. ಕೂಡಿಗೆಯ ಸೈಟುಗಳ ಜಾಹೀರಾತಿನಲ್ಲಿ ಅದರ ಹೆಸರು ಇದ್ದೇ ಇರುತ್ತದೆ. ಆ ಶಾಲೆಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದು ಹೋಗಬೇಕು, 67% ಸೀಟು ಕರ್ನಾಟಕದ ಮಕ್ಕಳಿಗೆ. ಗೇಟಿನ ಎದುರಿಗೇ ಮನೆ ಕಟ್ಟಿದರೂ ಬೀದರಿನ ಮಗುವಿಗಿಂತ ಒಂದಂಕ ಹೆಚ್ಚು ಸಿಗುವುದಿಲ್ಲ. ಅಲ್ಲಿ ಮಕ್ಕಳು ಹಾಸ್ಟೆಲಿನಲ್ಲೇ ಇರುವುದರಿಂದ ಮನೆ ಹತ್ತಿರವಾಗಿ ಆಗಬೇಕಾದದ್ದೂ ಇಲ್ಲ.

ಆರ್‌ಟಿಇ ನಂಬಿ ಜಾಗ ಕೊಳ್ಳಬೇಡಿ

2010ರ ಏಪ್ರಿಲಿನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ (ಆರ್‌ಟಿಇ) ಖಾಸಗಿ ಶಾಲೆಯ 25% ಸೀಟು ನೆರೆಹೊರೆಯ ಬಡ ಮಕ್ಕಳಿಗೆ ಎಂದಿದೆ. ನಿಜವಾದ ಝೋನ್ ನಮ್ಮಲ್ಲಿ ಇದ್ದದ್ದೆಂದರೆ ಅದೊಂದೇ. 2019ರಿಂದ ಕರ್ನಾಟಕದ ನಿಯಮ ಬದಲಾಗಿದೆ: ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ. ಸರಕಾರಿ ಶಾಲೆ ಇಲ್ಲದ ನೆರೆಹೊರೆ ನಮ್ಮ ಪೇಟೆಗಳಲ್ಲಿ ಎಲ್ಲಿದೆ? "ಈ ವಾರ್ಡಿನಲ್ಲಿದ್ದರೆ ಆ ಕಾನ್ವೆಂಟಿನಲ್ಲಿ ಆರ್‌ಟಿಇ ಸೀಟು ಗ್ಯಾರಂಟಿ" ಎನ್ನುವುದು ಹಳೆಯ ಮಾತು.

ಕೇಂದ್ರೀಯ ವಿದ್ಯಾಲಯದಲ್ಲಿ ಮಾತ್ರ ದೂರದ ಲೆಕ್ಕ ಇನ್ನೂ ಇದೆ. ಆರ್‌ಟಿಇ ಸೀಟಿಗೆ ಜಿಲ್ಲಾ ಕೇಂದ್ರದಂಥ ಊರುಗಳಲ್ಲಿ 5 ಕಿ.ಮೀ., ಉಳಿದ ಕಡೆ 8 ಕಿ.ಮೀ. ಒಳಗೆ ವಾಸವಿರಬೇಕು. ಮಡಿಕೇರಿಯ ಕೇಂದ್ರೀಯ ವಿದ್ಯಾಲಯ ಮನಸ್ಸಿನಲ್ಲಿದ್ದರೆ ಅಳತೆ ಹಿಡಿದು ನೋಡಿ.

ಸರಕಾರಿ ಶಾಲೆಗೇ ಕಳಿಸುವವರು, ಅಂಥವರು ಇದ್ದಾರೆ ಮತ್ತು ಇರಬೇಕು, ಐದನೇ ತರಗತಿವರೆಗೆ 1 ಕಿ.ಮೀ., ಎಂಟರವರೆಗೆ 3 ಕಿ.ಮೀ. ಒಳಗೆ ಶಾಲೆಯಿರಬೇಕೆಂಬ ನಿಯಮವನ್ನು ನೆನಪಿಡಿ. ಅದಕ್ಕಿಂತ ಮುಖ್ಯವಾಗಿ ಆ ಶಾಲೆಗೆ ಹೋಗಿ ಒಂದನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಎಣಿಸಿ. ತೋಟದ ನಡುವಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಲೈನ್‌ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಗೆ, ಕೆಲಸಕ್ಕೆ ಬಂದುಹೋಗುವವರನ್ನು ಅವಲಂಬಿಸಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಹಾಜರಿ ಪುಸ್ತಕ ನೋಡಿದರೆ ಶಾಲೆಯ ಭವಿಷ್ಯ ಗೊತ್ತಾಗುತ್ತದೆ.

ಬಸ್ಸು ಎಲ್ಲಿ ತಿರುಗುತ್ತದೆ

ಸತ್ಯ ಹೇಳಬೇಕೆಂದರೆ, ಕೊಡಗಿನಲ್ಲಿ ಶಾಲೆಯ ಝೋನ್ ಬರೆಯುವವನು ಹಳದಿ ಬಸ್ಸಿನ ಡ್ರೈವರು. ಬಸ್ಸು ಎಲ್ಲಿವರೆಗೆ ಬಂದು ತಿರುಗುತ್ತದೋ ಅಲ್ಲಿಗೆ ಶಾಲೆಯ ಊರು ಮುಗಿಯಿತು. ಶಾಲೆಯ ಕಚೇರಿಯಲ್ಲಿ ಕೇಳಿದರೆ "ನಮ್ಮ ಬಸ್ಸು ಆ ರೂಟಿನಲ್ಲಿದೆ" ಎನ್ನುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ, ನಮಗೆ ಗೊತ್ತಿರುವುದು ರೂಟಿನ ಹೆಸರಷ್ಟೇ. ಡ್ರೈವರನ್ನು ಕೇಳಿ: ಯಾವ ತಿರುವಿನವರೆಗೆ ಬರುತ್ತೀರಿ, ಜೂನಿನಲ್ಲೂ ಬರುತ್ತೀರಾ, ಎದುರಿಂದ ಪಿಕಪ್ ಬಂದರೆ ಎಲ್ಲಿ ಸೈಡು ಕೊಡುತ್ತೀರಿ? ಕಾಂಕ್ರೀಟ್ ರಸ್ತೆಯಿದ್ದರೂ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ದೊಡ್ಡ ಬಸ್ಸು ಇಳಿಯುವುದಿಲ್ಲ. ಆಗ ಮಗು ಮುಖ್ಯರಸ್ತೆಯವರೆಗೆ ನಡೆಯಬೇಕು, ಇಲ್ಲವೇ ನೀವು ಜೀಪಿನಲ್ಲಿ ಬಿಡಬೇಕು.

ಸೈಟನ್ನು ಜನವರಿಯಲ್ಲಿ ತೋರಿಸುತ್ತಾರೆ. ಜನವರಿಯಲ್ಲಿ ಕೊಡಗು ಎಲ್ಲಿ ನೋಡಿದರೂ ಚೆಂದ. ನೀವು ಜುಲೈಯಲ್ಲಿ ಶಾಲೆಯಿರುವ ಒಂದು ದಿನ ಬೆಳಗ್ಗೆ ಏಳೂವರೆಗೆ ಅಲ್ಲಿ ನಿಲ್ಲಿ. ರಸ್ತೆ ಪಕ್ಕದ ಬರೆ (ಮಣ್ಣಿನ ದಿಬ್ಬ) ಜರಿದ ಗುರುತಿದೆಯಾ, ಮೇಲಿನ ತೋಟದ ನೀರು ಸೈಟಿನೊಳಗೇ ಹರಿಯುತ್ತದಾ, ಮಗು ನಿಲ್ಲಲು ತಂಗುದಾಣ ಇದೆಯಾ ಎಲ್ಲ ಕಣ್ಣಿಗೇ ಬೀಳುತ್ತದೆ. ಅಷ್ಟು ಹೊತ್ತಿಗೆ ಅಲ್ಲಿ ಯೂನಿಫಾರಂ ಹಾಕಿ ನಿಂತ ಮಕ್ಕಳಿದ್ದರೆ ಅವರ ಶಾಲೆ ಯಾವುದೆಂದು ನೋಡಿ. ನಿಮ್ಮ ಸೈಟು ಯಾವ ಶಾಲೆಯ ಝೋನಿನಲ್ಲಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆ ಉತ್ತರ ಸಿಗದು.

ಆನೆಯನ್ನು ಮರೆಯಬೇಡಿ. ಗುಡ್ಡೆಹೊಸೂರಿನಿಂದ ಆನೆಕಾಡಿನ ಕಡೆ, ಸಿದ್ದಾಪುರದ ಕಡೆ, ಆಚೆ ವಿರಾಜಪೇಟೆ, ಪೊನ್ನಂಪೇಟೆಯ ತೋಟಗಳಲ್ಲಿ ಆನೆ ಬೆಳಗಿನ ಹೊತ್ತು ರಸ್ತೆ ದಾಟುವುದು ಸುದ್ದಿಯೇ ಅಲ್ಲ. ಅಂಥ ಕಡೆ ಬಸ್ಸು ಮನೆ ಬಾಗಿಲಿಗೆ ಬರದಿದ್ದರೆ ಸೈಟು ಅರ್ಧ ಬೆಲೆಗೆ ಸಿಕ್ಕಿದರೂ ಮಕ್ಕಳಿರುವ ಮನೆಗೆ ಬೇಡ. ಅಜ್ಜ ಅಜ್ಜಿ ಮಾತ್ರ ಇರುವ ಮನೆಯಾದರೆ ಅದು ಬೇರೆ ಲೆಕ್ಕ.

ಸರಕಾರಿ ಬಸ್ಸಿನ ರೂಟಿದ್ದರೆ ನನ್ನ ಪ್ರಕಾರ ಖಾಸಗಿ ಬಸ್ಸಿಗಿಂತ ಅದು ದೊಡ್ಡ ಆಸ್ತಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಲ್ಲ, ಗಂಡುಮಕ್ಕಳಿಗೆ ಪಾಸು ಇದೆ. ಮಡಿಕೇರಿ–ಕುಶಾಲನಗರ ಹೆದ್ದಾರಿಯಲ್ಲಿ ಸುಂಟಿಕೊಪ್ಪ, ಬೋಯಿಕೇರಿ ಕಡೆ ಮನೆ ಮಾಡಿದವರಿಗೆ ಎರಡೂ ಪೇಟೆಯ ಶಾಲೆ ಕಾಲೇಜು ಸಿಗುತ್ತದೆ. ಪಿಯುಸಿಗೆ ಬಂದಾಗ ಇದರ ಬೆಲೆ ತಿಳಿಯುವುದು, ಆಗ ಹಳದಿ ಬಸ್ಸು ಯಾರಿಗೂ ಇರುವುದಿಲ್ಲ.

ಕಾಗದದ ಗೆರೆಗಳು

ಪಂಚಾಯಿತಿಯ ಸೈಟಾದರೆ ಇ–ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಲ್ಲಿ, ನಮೂನೆ 9 ಮತ್ತು 11ಎ ಇರಬೇಕು. 11ಬಿ ಎಂದಿದ್ದರೆ ಭೂಪರಿವರ್ತನೆಯೋ ಬಡಾವಣೆಯ ಮಂಜೂರಾತಿಯೋ ಎಲ್ಲೋ ಕೊರತೆಯಿದೆ ಎಂದರ್ಥ. ಸಾಲ ಕೇಳಲು ಹೋದಾಗ ಅದು ತೊಡಕಾಗುತ್ತದೆ. ಪುರಸಭೆ, ನಗರಸಭೆಯಲ್ಲಾದರೆ ಇ–ಖಾತಾ, ಅದು ಕ್ರಮಬದ್ಧ ಆಸ್ತಿಯ ಎ ಖಾತೆಯೋ ಕೊರತೆಯಿರುವ ಆಸ್ತಿಯ ಬಿ ಖಾತೆಯೋ ನೋಡಿಕೊಳ್ಳಿ. ಪಂಚಾಯಿತಿ ಪುರಸಭೆಗೆ ಸೇರಿದ ಜಾಗದಲ್ಲಿ ಹಳೆಯ ನಮೂನೆ 9 ಹಿಡಿದು ಮಾರಲು ಬರುವವರಿದ್ದಾರೆ. ಅಲ್ಲಿ ಈಗ ಖಾತೆ ಪುರಸಭೆಯದ್ದಾಗಿರಬೇಕು, ಆಗಿಲ್ಲದಿದ್ದರೆ ಅದನ್ನು ಮಾರುವವರೇ ಮಾಡಿಸಿಕೊಡಲಿ.

ನಗರಾಭಿವೃದ್ಧಿ ಪ್ರಾಧಿಕಾರದ್ದು ಇನ್ನೊಂದು ಗೆರೆ. ಅದು ಪೇಟೆಯ ಗಡಿ ದಾಟಿ ಸುತ್ತಲಿನ ಹಳ್ಳಿಗಳಿಗೂ ಚಾಚಿಕೊಂಡಿರುತ್ತದೆ. ಕಂದಾಯ ಪಂಚಾಯಿತಿಗೆ ಕಟ್ಟಿದರೂ ಬಡಾವಣೆಗೆ ಪ್ರಾಧಿಕಾರದ ಒಪ್ಪಿಗೆ ಬೇಕಾಗಬಹುದು. ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಹಳದಿ ಬಣ್ಣವಿದ್ದರೆ ವಸತಿ, ಹಸಿರಾದರೆ ಅದು ಮನೆ ಕಟ್ಟುವ ಜಾಗವಲ್ಲ. ಝೋನ್ ಎನ್ನುವ ಶಬ್ದ ಕಾಗದದ ಮೇಲೆ ನಿಜವಾಗಿ ಇರುವುದು ಇಲ್ಲಿ, ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೊಡಗಿನಲ್ಲಿ ಬಾಣೆ ಜಾಗದ, ಅಂದರೆ ಗದ್ದೆಗೆ ಹೊಂದಿಕೊಂಡು ಮನೆತನಕ್ಕೆ ಸೇರಿದ ಎತ್ತರದ ಜಾಗದ, ವಿಚಾರ ಬೇರೆಯೇ. ಪಹಣಿಯಲ್ಲಿ ಮನೆತನದ ಪಟ್ಟೆದಾರರ ಹೆಸರು, ಜತೆಗೆ ಇನ್ನೂ ಹತ್ತಾರು ಹೆಸರು ಇರುತ್ತದೆ, ಎಷ್ಟೋ ಸಲ ಅವರಲ್ಲಿ ಅರ್ಧ ಜನ ತೀರಿಹೋಗಿರುತ್ತಾರೆ. ನಿಮಗೆ ಮಾರುವವನ ಪಾಲು ಇಂಥದ್ದೇ ಎಂದು ಅಳತೆ ಮಾಡಿ ಬೇರೆಯಾಗಿ (ಪೋಡಿಯಾಗಿ), ಅವನ ಹೆಸರಿಗೇ ಪಹಣಿ ಬಂದಿದ್ದರೆ ಮಾತ್ರ ಮುಂದಿನ ಮಾತು. ಇಲ್ಲದಿದ್ದರೆ ಶಾಲೆಯ ಎದುರಿಗೇ ಇದ್ದರೂ ಬೇಡ. ವಕೀಲರಿಗೆ ತೋರಿಸದೆ ಬಾಣೆ ಜಾಗಕ್ಕೆ ರೂಪಾಯಿ ಕೊಡಬೇಡಿ.

ನೋಂದಣಿ ಖರ್ಚಿನಲ್ಲಿ ಪೇಟೆ–ಹಳ್ಳಿ ವ್ಯತ್ಯಾಸ ದೊಡ್ಡದಿದೆ ಎಂದು ಕೆಲವರು ಹೆದರಿಸುತ್ತಾರೆ, ಹಾಗೇನಿಲ್ಲ. ಮುದ್ರಾಂಕ ಶುಲ್ಕ ಎರಡೂ ಕಡೆ 5%, ಅದರ ಮೇಲೆ 10% ಸೆಸ್. ಸರ್‌ಚಾರ್ಜ್ ಮಾತ್ರ ಪೇಟೆಯಲ್ಲಿ ಆ ಶುಲ್ಕದ 2%, ಹಳ್ಳಿಯಲ್ಲಿ 3%. ಒಟ್ಟು 5.6 ಮತ್ತು 5.65. ನಲವತ್ತು ಲಕ್ಷದ ಆಸ್ತಿಗೆ 2,000 ರೂಪಾಯಿ ಹೆಚ್ಚುಕಡಿಮೆ. ಜೇಬಿಗೆ ನಿಜವಾಗಿ ತಟ್ಟುವುದು ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ 1ರಿಂದ 2%ಗೆ ಏರಿದ್ದು, ಅದು ಎಲ್ಲರಿಗೂ ಒಂದೇ.

"ಬರುವ ವರ್ಷ ಈ ಜಾಗ ಪುರಸಭೆಗೆ ಸೇರುತ್ತದೆ, ಈಗಲೇ ತಗೊಳ್ಳಿ" ಎಂದು ಬೆಲೆ ಏರಿಸಿದರೆ ರಾಜ್ಯಪತ್ರದ ಅಧಿಸೂಚನೆ ತೋರಿಸಿ ಎನ್ನಿ. ತೋರಿಸದಿದ್ದರೆ ಆ ಮಾತಿಗೆ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಡಿ. ಸೇರಿದರೂ ಮೊದಲು ಬರುವುದು ಹೆಚ್ಚಿನ ತೆರಿಗೆ, ಚರಂಡಿ ಆಮೇಲೆ. ಶಾಲೆಯಂತೂ ಇದ್ದಲ್ಲೇ ಇರುತ್ತದೆ.

ಪೇಟೆಯ ಗಡಿಯೊಳಗಿದ್ದರೆ ಸುರಕ್ಷಿತ ಎಂಬ ನಂಬಿಕೆಯೂ ಬೇಡ. 2018 ಮತ್ತು 2019ರ ಆಗಸ್ಟಿನಲ್ಲಿ ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಲ್ಲಿ ಕಾವೇರಿ ನೀರು ಮನೆಯೊಳಗೆ ನುಗ್ಗಿತ್ತು. 2018ರಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದ ಇಳಿಜಾರಿನ ಮನೆಗಳು ಕುಸಿದವು, ಅವೂ ನಗರಸಭೆಯೊಳಗಿನವೇ. ಆ ಎರಡು ವರ್ಷ ನೀರು ಎಲ್ಲಿವರೆಗೆ ಬಂದಿತ್ತೆಂದು ಪಕ್ಕದ ಮನೆಯವರ ಗೋಡೆಯನ್ನೇ ಕೇಳಿ. ಹೊಸ ಬಣ್ಣ ಹೊಡೆದಿದ್ದರೆ ಅಂಗಡಿಯವರನ್ನು ಕೇಳಿ.

ಯಾರಿಗೆ ಯಾವುದು

ಮಗು ಇನ್ನೂ ಅಂಗನವಾಡಿಯ ವಯಸ್ಸಿನದ್ದಾಗಿದ್ದು, ಕುಶಾಲನಗರದಲ್ಲೇ ಕೆಲಸವಿದ್ದರೆ, ನಾನಾದರೆ ಹೊಳೆಯ ಈಚೆಗೆ, ನೀರು ಬಾರದ ಎತ್ತರದಲ್ಲಿ, ಪುರಸಭೆಯಾದರೂ ಸರಿ ಗುಡ್ಡೆಹೊಸೂರಾದರೂ ಸರಿ, ಹೆದ್ದಾರಿಗೆ ನಡೆದು ಬರುವಷ್ಟು ಹತ್ತಿರದ ಐದು ಸೆಂಟ್ ನೋಡುತ್ತೇನೆ. ಮಗು ಏಳೋ ಎಂಟೋ ತರಗತಿ ದಾಟಿದ್ದರೆ ಜಿಲ್ಲೆಯ ಗೆರೆಯ ಚಿಂತೆ ಬಹಳಷ್ಟು ಕಡಿಮೆ, ಆಗ ಕೊಪ್ಪದ ಸಮತಟ್ಟು ಸೈಟು ಒಳ್ಳೆಯ ವ್ಯಾಪಾರವೇ. ಮಡಿಕೇರಿಯಲ್ಲಿ ಕೆಲಸವಿರುವವರಿಗೆ ಇಳಿಜಾರಿನ ದುಬಾರಿ ಸೈಟಿಗಿಂತ ಪೇಟೆಯೊಳಗೆ ಬಾಡಿಗೆ ಮನೆ ಹಿಡಿದು ಮಕ್ಕಳ ಶಾಲೆ ಮುಗಿಯುವವರೆಗೆ ಕಾಯುವುದೇ ಮೇಲು ಎಂದು ನನ್ನ ಅಭಿಪ್ರಾಯ. ಸೈಟು ಎಲ್ಲೂ ಓಡಿಹೋಗುವುದಿಲ್ಲ, ಬೆಲೆ ಓಡುತ್ತದೆ ಎನ್ನುತ್ತೀರಿ, ಸರಿ.

ಮನೆ ಬದಲಿಸುವುದು ಗ್ಯಾರಂಟಿಯಾದ ಮೇಲೆ ಟಿಸಿಯನ್ನು ಏಪ್ರಿಲ್–ಮೇ ತಿಂಗಳಲ್ಲೇ ತೆಗೆಸಿ, ನಡುವರ್ಷದಲ್ಲಿ ಬೇಡ. ಸ್ಯಾಟ್ಸ್ ನಂಬರಿನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗಿರುವ ಸಂಖ್ಯೆ) ಮಗುವಿನ ಹೆಸರು, ಹುಟ್ಟಿದ ದಿನ ಆಧಾರಿನ ಹಾಗೇ ಇದೆಯಾ ಎಂದು ಹಳೆ ಶಾಲೆಯಲ್ಲೇ ಸರಿಮಾಡಿಸಿಕೊಂಡು ಹೊರಡಿ, ಆಮೇಲೆ ಹೊಸ ಶಾಲೆಯವರು ಹಳೆ ಶಾಲೆಗೇ ಅಟ್ಟುತ್ತಾರೆ. ಮಗು ಮೂರನೇ ತರಗತಿಯಿಂದ ಐದರವರೆಗೆ ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರವನ್ನು, ಶಾಲೆ ಇರುವ ಪಂಚಾಯಿತಿಯ ಹೆಸರು ಬರೆಸಿ, ಆಗಲೇ ಪಡೆದು ಫೈಲಿಗೆ ಹಾಕಿಡಿ. ಶಾಲೆಯೇ ಮುಚ್ಚಿಹೋದರೆ ಅದನ್ನು ಹುಡುಕಿಕೊಂಡು ಬಿಇಒ ಕಚೇರಿಯ ಹಳೆ ದಾಖಲೆ ಕೋಣೆಗೆ ಅಲೆಯಬೇಕಾಗುತ್ತದೆ, ಆ ಕೋಣೆಯ ಬೀಗದ ಕೈ ಇರುವವರು ಯಾವಾಗಲೂ ಮೀಟಿಂಗಿಗೆ ಹೋಗಿರುತ್ತಾರೆ.